ಕಡಿಮೆ ನೀರಿನ ಕಮೋಡು: ಲೀಟರಿನ ಲೆಕ್ಕವೊಂದೇ ಸಾಲದು

ಡೆಟ್ರಾಯಿಟ್‌ನ ವಾಯವ್ಯಕ್ಕಿರುವ ನಮ್ಮ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ 1994ಕ್ಕೂ ಹಿಂದೆ ಕಟ್ಟಿದ ಮನೆಗಳು ಬಹಳ. ಅಲ್ಲಿನ ಹಳೆಯ ಕಮೋಡುಗಳನ್ನು ಬದಲಿಸಹೊರಟವರು ಕೇಳುವ ಪ್ರಶ್ನೆ ಒಂದೇ: ಕಡಿಮೆ ನೀರಿನಲ್ಲಿ ಅದು ಒಂದೇ ಸಲಕ್ಕೆ ಶುಚಿಯಾಗುವುದೇ? ಇದು ಪ್ಲಂಬರನಿಗೆ ಕೇಳಬೇಕಾದ ಪ್ರಶ್ನೆಯಂತೆ ತೋರಿದರೂ ಉತ್ತರದ ಅರ್ಧಭಾಗ ವೈದ್ಯಶಾಸ್ತ್ರದ್ದು.

1980ರ ದಶಕದ ಕಮೋಡು ಒಂದು ಫ್ಲಶ್‌ಗೆ 3.5 ಗ್ಯಾಲನ್, ಎಂದರೆ ಸುಮಾರು 13 ಲೀಟರ್ ನೀರು ಬಳಸುತ್ತಿತ್ತು. 1992ರ ಎನರ್ಜಿ ಪಾಲಿಸಿ ಕಾಯಿದೆಯು 1994ರಿಂದ ಮನೆಬಳಕೆಯ ಹೊಸ ಕಮೋಡುಗಳಿಗೆ 1.6 ಗ್ಯಾಲನ್‌ಗಳ, ಅಂದರೆ 6 ಲೀಟರಿನ ಮಿತಿ ವಿಧಿಸಿತು. ಹಲವು ತಯಾರಕರು ಹಳೆಯ ವಿನ್ಯಾಸವನ್ನೇ ಉಳಿಸಿಕೊಂಡು ನೀರನ್ನಷ್ಟೇ ಕಡಿತಗೊಳಿಸಿದರು. ಕಮೋಡುಗಳು ಪದೇ ಪದೇ ಕಟ್ಟಿಕೊಂಡವು. ನದಿಯಾಚೆಯ ಕೆನಡಾದ ವಿಂಡ್ಸರ್‌ನಿಂದ 13 ಲೀಟರಿನವನ್ನು ಕೊಂಡು ತರುವವರೂ ಇದ್ದರು. ನಮ್ಮ ಓಕ್ಲೆಂಡ್ ಕೌಂಟಿಯನ್ನು ಪ್ರತಿನಿಧಿಸುತ್ತಿದ್ದ ಸಂಸದ ಜೋ ನಾಲೆನ್‌ಬರ್ಗ್ ಈ ಮಿತಿಯನ್ನು ರದ್ದುಪಡಿಸುವ ಮಸೂದೆಯನ್ನು 1990ರ ದಶಕದ ಕೊನೆಯಲ್ಲಿ ಮಂಡಿಸಿದರು, ಅದು ಕಾಯಿದೆಯಾಗಲಿಲ್ಲ. ಇಂದಿಗೂ ಕೇಳಿಬರುವ ಅಪಖ್ಯಾತಿ ಬಹುಪಾಲು ಆ ಕಾಲದ್ದು.

ಪರಿಸ್ಥಿತಿ ಸುಧಾರಿಸಲು ಮುಖ್ಯ ಕಾರಣಗಳಲ್ಲೊಂದು 2003ರಲ್ಲಿ ಆರಂಭವಾದ ‘ಮ್ಯಾಪ್’ ಪರೀಕ್ಷೆ. ಇದರಲ್ಲಿ ಸೋಯಾಬೀನಿನ ಮುದ್ದೆಗಳನ್ನು ಕಾಗದದೊಡನೆ ಹಾಕಿ, ಒಂದು ಫ್ಲಶ್‌ಗೆ ಎಷ್ಟು ಗ್ರಾಂ ಹೊರಹೋಗುತ್ತದೆ ಎಂದು ಅಳೆಯುತ್ತಾರೆ. ಗರಿಷ್ಠ ಅಂಕ 1,000 ಗ್ರಾಂ. ಸರ್ಕಾರದ ‘ವಾಟರ್‌ಸೆನ್ಸ್’ ಚೀಟಿ ಪಡೆಯಲು 1.28 ಗ್ಯಾಲನ್ (4.8 ಲೀಟರ್) ನೀರಿನಲ್ಲಿ 350 ಗ್ರಾಂ ಸಾಗಿಸಿದರೆ ಸಾಕು.

ಆದರೆ ಅಷ್ಟು ನಮ್ಮ ಮನೆಗಳಿಗೆ ಸಾಕೆ? ಡೆನಿಸ್ ಬರ್ಕಿಟ್ ಮತ್ತು ಸಂಗಡಿಗರು 1972ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತೋರಿಸಿದಂತೆ, ನಾರು ಕಡಿಮೆಯಿರುವ ಆಹಾರ ತಿನ್ನುವ ಬ್ರಿಟಿಷರ ಮಲದ ತೂಕ ದಿನಕ್ಕೆ ಸುಮಾರು 100 ಗ್ರಾಂ; ಉಗಾಂಡಾದ ಹಳ್ಳಿಗರದು 400 ಗ್ರಾಂಗೂ ಹೆಚ್ಚು. ರಾಗಿ, ಕಾಳು, ಸೊಪ್ಪು ಉಣ್ಣುವ ಮನೆಯವರು ಎರಡನೆಯ ಗುಂಪಿನತ್ತ ವಾಲುತ್ತಾರೆ. ನಾರಿನಿಂದ ಮೃದುವಾದ ಮಲ ಸುಲಭವಾಗಿ ಸಾಗುತ್ತದೆ, ನೀರಿನಿಂದ ತೊಳೆದುಕೊಳ್ಳುವವರಲ್ಲಿ ಕಾಗದದ ಹೊರೆಯೂ ಕಡಿಮೆ ಎಂಬುದು ನಿಜ. ಆದರೂ ಕಬ್ಬಿಣಾಂಶದ ಮಾತ್ರೆ ಸೇವಿಸುವ, ನೀರು ಕಡಿಮೆ ಕುಡಿಯುವ ಹಿರಿಯರಲ್ಲಿ ಮಲ ಗಟ್ಟಿಯಾಗಿ ಕೊಳವೆ ಕಟ್ಟಿಕೊಳ್ಳುವುದುಂಟು. ಆದ್ದರಿಂದ ಕನಿಷ್ಠ 600 ಗ್ರಾಂ ಅಂಕದ್ದನ್ನು ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ.

ಎರಡು ಗುಂಡಿಯ ಕಮೋಡನ್ನು ಆಸ್ಟ್ರೇಲಿಯಾದ ಕರೋಮಾ ಸಂಸ್ಥೆ 1980ರಲ್ಲಿ ಬಳಕೆಗೆ ತಂದಿತು. ಅಲ್ಲಿನ ಮಾದರಿಯಲ್ಲಿ ನೀರು ಮಲವನ್ನು ನೇರವಾಗಿ ತಳ್ಳುತ್ತದೆ. ಹೊರದಾರಿ ಅಗಲವಾದ್ದರಿಂದ ಕಟ್ಟಿಕೊಳ್ಳುವುದು ಅಪರೂಪ, ಆದರೆ ಬೋಗುಣಿಯಲ್ಲಿ ನೀರಿನ ಹರವು ಚಿಕ್ಕದಾಗಿ ಕಲೆ ಉಳಿಯುತ್ತದೆ, ಬ್ರಷ್ ಬೇಕಾಗುತ್ತದೆ. ಅಮೆರಿಕದ ಸೈಫನ್ ಮಾದರಿ ಸೆಳೆದುಕೊಳ್ಳುತ್ತದೆ. ಬೋಗುಣಿ ಹೆಚ್ಚು ಶುಚಿ, ಕೊಳವೆ ಕಿರಿದು.

ಉಳಿತಾಯದ ಲೆಕ್ಕ ಹೀಗಿದೆ: 6 ಮತ್ತು 3 ಲೀಟರಿನ ಕಮೋಡಿನಲ್ಲಿ ಎರಡು ಅರ್ಧ, ಒಂದು ಪೂರ್ಣ ಫ್ಲಶ್‌ನ ಸರಾಸರಿ 4 ಲೀಟರ್. ಒಂದೇ ಹಿಡಿಯ 4.8 ಲೀಟರಿನದಕ್ಕಿಂತ ಇದು ಅಷ್ಟೇನೂ ಕಡಿಮೆಯಲ್ಲ. ಪೂರ್ಣ ಫ್ಲಶ್ಶನ್ನು ಎರಡು ಸಲ ಒತ್ತಬೇಕಾದರೆ 12 ಲೀಟರ್; ಹಳೆಯದಕ್ಕೂ ಅದಕ್ಕೂ ವ್ಯತ್ಯಾಸವೇ ಇಲ್ಲ. ಆದರೆ 13 ಲೀಟರಿನದನ್ನು ತೆಗೆದು 4.8 ಲೀಟರಿನದನ್ನು ಹಾಕಿದರೆ, ನಾಲ್ವರು ದಿನಕ್ಕೆ ತಲಾ ಐದು ಸಲ ಬಳಸುವ ಮನೆಯಲ್ಲಿ ವರ್ಷಕ್ಕೆ ಸುಮಾರು 60,000 ಲೀಟರ್ ಉಳಿಯುತ್ತದೆ. ಟ್ಯಾಂಕಿನ ತಳದ ವಾಲ್ವ್ ಸೋರಿದರೆ ಇಷ್ಟೂ ವ್ಯರ್ಥ. ಟ್ಯಾಂಕಿಗೆ ಅಡುಗೆಯ ಬಣ್ಣ ನಾಲ್ಕು ಹನಿ ಹಾಕಿ, ಹತ್ತು ನಿಮಿಷ ಫ್ಲಶ್ ಮಾಡದೆ ಬಿಡಿ. ಬೋಗುಣಿಯ ನೀರಿಗೆ ಬಣ್ಣ ಬಂದರೆ ಸೋರಿಕೆಯಿದೆ.

ವೈದ್ಯನಾಗಿ ಇನ್ನೊಂದು ಮಾತು. ಊರಿನಿಂದ ಬಂದ ಹಿರಿಯರು ಮಗನ ಮನೆಯಲ್ಲಿ ಕಮೋಡು ಕಟ್ಟಿಕೊಂಡೀತೆಂಬ ಸಂಕೋಚದಿಂದ ಶೌಚವನ್ನೇ ತಡೆದುಕೊಳ್ಳುತ್ತಾರೆ. ಅದರಿಂದ ಮಲಬದ್ಧತೆ ಹೆಚ್ಚಿ, ಅವರು ಅಂಜಿದ ತೊಂದರೆಯೇ ಎದುರಾಗುತ್ತದೆ. ಅತಿಥಿಗಳ ಕೋಣೆಯ ಶೌಚಾಲಯಕ್ಕೆ ಹೆಚ್ಚಿನ ಅಂಕದ ಕಮೋಡನ್ನೇ ಹಾಕಿಸಿ; ಯಾವ ಗುಂಡಿ ಯಾವುದಕ್ಕೆ ಎಂದು ಮೊದಲ ದಿನವೇ ತೋರಿಸಿಕೊಡಿ.