ನವಾಹೋ ನಾಡಿನಲ್ಲಿ ಸತುವಿನ ಪರೀಕ್ಷೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ನೈರುತ್ಯ ಭಾಗದಲ್ಲಿ, ಆರಿಜೋನ, ನ್ಯೂ ಮೆಕ್ಸಿಕೋ, ಯೂಟಾ ಎಂಬ ಮೂರು ಸಂಸ್ಥಾನಗಳಲ್ಲಿ ಹರಡಿರುವುದು ನವಾಹೋ ಜನರ ನಾಡು. ಇವರು ತಮ್ಮನ್ನು ‘ದಿನೇ’ ಎಂದು ಕರೆದುಕೊಳ್ಳುವರು. ಯುರೇನಿಯಮ್ಮಿಗೆ ಇವರ ನುಡಿಯಲ್ಲಿ ‘ಲೆತ್ಸೋ’ ಎಂದು ಹೆಸರು. ಹಳದಿಯ ಮಣ್ಣೆಂದು ಅದರ ಅರ್ಥ. ಈ ಮಣ್ಣಿನ ಚರಿತ್ರೆಯನ್ನರಿಯದೆ, ಆ ನಾಡಿನಲ್ಲಿ ಈಚೆಗೆ ಕೈಕೊಂಡ ಸತುವಿನ ಪರೀಕ್ಷೆಯ ಮಹತ್ತ್ವವನ್ನು ತಿಳಿಯಲಾಗದು.

1944 ರಿಂದ 1986 ರ ವರೆಗೆ ಈ ನೆಲದಿಂದ ಸುಮಾರು 3 ಕೋಟಿ ಟನ್ನು ಅದಿರು ತೆಗೆಯಲ್ಪಟ್ಟಿತು. ಗಣಿಗಳಲ್ಲಿ ದುಡಿದವರಲ್ಲಿ ದಿನೇ ಜನರೇ ಅನೇಕರು. 1950 ರಲ್ಲಿ ಅಲ್ಲಿಯ ಸರಕಾರದ ಆರೋಗ್ಯ ಇಲಾಖೆಯು ಗಣಿಗಾರರ ದೇಹಪರೀಕ್ಷೆಯನ್ನಾರಂಭಿಸಿತು. ಆದರೆ ವಿಕಿರಣದಿಂದೊದಗುವ ಅಪಾಯವನ್ನು ಅವರಿಗೆ ತಿಳಿಸಲಿಲ್ಲ. ಮುಂದೆ ಅನೇಕರು ಶ್ವಾಸಕೋಶದ ಅರ್ಬುದರೋಗಕ್ಕೆ ಗುರಿಯಾದರು. ಪರಿಹಾರದ ಶಾಸನವಾದುದು 1990 ರಲ್ಲಿ. ಅಷ್ಟರಲ್ಲಿ, 1979 ನೆಯ ಜುಲೈ 16 ರಂದು, ಚರ್ಚ್ ರಾಕ್ ಎಂಬಲ್ಲಿ ಕಟ್ಟೆಯೊಡೆದು ಗಣಿಯ ವಿಷಜಲವು ಪ್ಯುವೆರ್ಕೋ ನದಿಗೆ ಹರಿದಿತ್ತು. 2005 ರಲ್ಲಿ ದಿನೇ ಜನರು ತಮ್ಮ ನಾಡಿನಲ್ಲಿ ಯುರೇನಿಯಮ್ ಗಣಿಗಾರಿಕೆಯನ್ನೇ ನಿಷೇಧಿಸಿದರು. ಪಾಳುಬಿದ್ದ ಗಣಿಗಳಾದರೋ ಐದುನೂರಕ್ಕೂ ಹೆಚ್ಚು.

ಇನ್ನು ಸತುವಿನ ವಿಷಯ. ಜೀವಕೋಶದೊಳಗಿನ ಡಿ.ಎನ್.ಎ. ತಂತು ಹರಿದಾಗ ಅದನ್ನು ಸರಿಪಡಿಸುವ ಕೆಲವು ಪ್ರೋಟೀನುಗಳುಂಟು. ಇವುಗಳಲ್ಲಿ ಸತುವಿನ ಅಣುವನ್ನು ಹಿಡಿದು ಮಡಿಸಿಕೊಂಡಿರುವ ಭಾಗವನ್ನು ವಿಜ್ಞಾನಿಗಳು ‘ಸತುವಿನ ಬೆರಳು’ ಎಂದು ಕರೆದಿರುವರು. ಪಾಷಾಣವೆನಿಸಿದ ಆರ್ಸೆನಿಕ್ಕೂ ಯುರೇನಿಯಮ್ಮೂ ಆ ಸತುವನ್ನು ಹೊರದೂಡುವುವು. ಆಗ ದುರಸ್ತಿಯ ಕಾರ್ಯ ಕುಂಠಿತವಾಗುವುದು. ಸತುವನ್ನು ಹೆಚ್ಚಾಗಿ ಒದಗಿಸಿದರೆ ಈ ಹಾನಿ ತಗ್ಗುವುದೆಂದು ಪ್ರಯೋಗಶಾಲೆಯಲ್ಲಿ ಕಂಡುಬಂದಿತು. ಮನುಷ್ಯದೇಹದಲ್ಲಿಯೂ ಹಾಗೆಯೇ ಆಗುವುದೋ ಎಂಬುದನ್ನು ತಿಳಿಯಲು ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಸಂಶೋಧಕರು ‘ಥಿಂಕಿಂಗ್ ಜಿಂಕ್’ ಎಂಬ ಪರೀಕ್ಷೆಯನ್ನು ಯೋಜಿಸಿದರು.

1950 ರ ಪರೀಕ್ಷೆಗೂ ಇದಕ್ಕೂ ಇರುವ ಅಂತರ ಗಮನಾರ್ಹವಾದುದು. 1996 ರಲ್ಲಿ ದಿನೇ ಜನರು ತಮ್ಮದೇ ಆದ ಸಂಶೋಧನಾ ಪರಿಶೀಲನ ಮಂಡಲಿಯನ್ನು ಸ್ಥಾಪಿಸಿಕೊಂಡರು. ಅದರ ಒಪ್ಪಿಗೆಯಿಲ್ಲದೆ ಆ ನಾಡಿನಲ್ಲಿ ಇಂತಹ ಸಂಶೋಧನೆ ನಡೆಯಕೂಡದು. ಭಾಷೆಯ ತೊಡಕನ್ನು ನೀಗುವ ಯತ್ನವೂ ನಡೆದಿದೆ. ಜೂನಿ ಜನಾಂಗದ ಚಿತ್ರಕಾರ್ತಿ ಮ್ಯಾಲರಿ ಕ್ವೆಟಾಕಿಯವರು ಡಿ.ಎನ್.ಎ. ಹರಿಯುವುದನ್ನೂ ಕೂಡುವುದನ್ನೂ ಮೂಲನಿವಾಸಿಗಳಿಗೆ ಪರಿಚಿತವಾದ ಕಲಾಸಂಕೇತಗಳಿಂದ ಚಿತ್ರಿಸಿರುವರು. ಪರಿಭಾಷೆಯನ್ನು ಜನರ ಮನಸ್ಸಿಗೆ ಮುಟ್ಟಿಸುವ ಈ ಬಗೆ ಸಾಹಿತ್ಯಾಧ್ಯಾಪಕರ ಆಲೋಚನೆಗೂ ತಕ್ಕುದಾಗಿದೆ.

ಗುಳಿಗೆಯನ್ನಿತ್ತು ಗಣಿಗಳನ್ನು ಮರೆಸುವ ಉಪಾಯವಿದಲ್ಲವೇ ಎಂದು ಕೆಲವರು ಶಂಕಿಸಬಹುದು. ಶಂಕೆ ನಿರಾಧಾರವಲ್ಲ. ಸತುವು ನೀರನ್ನು ಶುದ್ಧಿಗೊಳಿಸದು, ಗಣಿಯನ್ನು ಮುಚ್ಚದು. ಆದರೆ ಆ ನೆಲವನ್ನು ಶುದ್ಧಿಗೊಳಿಸಲು ದಶಕಗಳು ಬೇಕು. ಅಷ್ಟರ ವರೆಗೆ ಅಲ್ಲಿ ಬಾಳಬೇಕಾದ ಮಕ್ಕಳಿಗೂ ತಾಯಂದಿರಿಗೂ ಅಲ್ಪರಕ್ಷಣೆಯೂ ದೊಡ್ಡದೇ. ಸರಕಾರದ ಋಣವಾದರೋ ಗಣಿಗಳು ಶುದ್ಧವಾಗುವ ವರೆಗೂ ತೀರದು.