ಕಲ್ಲನ್ನು ಮುಟ್ಟದ ತಿದ್ದುಪಡಿ: ರೋಣ ಸೀಮೆಯ ಶಾಸನಗಳ ಪ್ರತಿಗಳು

ರೋಣ, ನರಗುಂದ ಮತ್ತು ಗಜೇಂದ್ರಗಡಗಳ ಸುತ್ತಲಿನ ಸೀಮೆ 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದು, ಆ ಬಳಿಕ ಹೊಸ ಗದಗ ಜಿಲ್ಲೆಯ ಉತ್ತರ ಭಾಗವಾಯಿತು. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳು ಇಲ್ಲಿನ ಗುಡಿಗಳ ಗೋಡೆಗಳಲ್ಲಿಯೂ ಊರ ನಡುವೆ ನೆಟ್ಟ ಕಲ್ಲುಗಳಲ್ಲಿಯೂ ಉಳಿದು ಬಂದಿವೆ. ಈ ಶಾಸನಗಳಲ್ಲಿ ಏನಿದೆ ಎಂಬುದನ್ನು ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಅವುಗಳ ಪ್ರತಿ ತೆಗೆಯುವ ಕಸುಬು ಹೇಗೆ ಬೆಳೆಯಿತು ಎಂಬುದನ್ನು ಕುರಿತ ಬರಹ ಅದಕ್ಕೆ ಹೋಲಿಸಿದರೆ ಕಡಿಮೆ. ಆ ಕಸುಬಿನೊಳಗೆ ಸುಮಾರು ಎರಡು ನೂರು ವರ್ಷಗಳಿಂದ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಎದುರಾಗಿದೆ: ಮಾಸಿದ ಅಕ್ಷರವನ್ನು ಸ್ಪಷ್ಟಗೊಳಿಸುವವನು ತನ್ನ ಕೈವಾಡವನ್ನು ಎಲ್ಲಿ ದಾಖಲಿಸಬೇಕು, ಕಲ್ಲಿನ ಮೇಲೆಯೋ, ಪ್ರತಿಯ ಮೇಲೆಯೋ, ಎರಡಕ್ಕೂ ಹೊರತಾದ ಬೇರೊಂದು ಹಾಳೆಯಲ್ಲಿಯೋ?

ಮೊದಲ ದೊಡ್ಡ ಸಂಗ್ರಹ ಕೈಬರಹದ್ದು. ದಕ್ಷಿಣ ಮರಾಠಾ ಸೀಮೆಯ ಕಲೆಕ್ಟರರಿಗೆ ಸಹಾಯಕನಾಗಿದ್ದು, 1824ರ ಕಿತ್ತೂರಿನ ಯುದ್ಧದಲ್ಲಿ ಸೆರೆಸಿಕ್ಕಿ ಬಿಡುಗಡೆಯಾದ ವಾಲ್ಟರ್ ಎಲಿಯಟ್, ಮುಂದಿನ ವರ್ಷಗಳಲ್ಲಿ ಕನ್ನಡ ನಾಡಿನ 595 ಶಾಸನಗಳ ಪಾಠಗಳನ್ನು ನಕಲುಗಾರರಿಂದ ಬರೆಯಿಸಿ ಸಂಪುಟಗಳಾಗಿ ಕಟ್ಟಿಸಿದನು. ಈ ಶ್ರಮವಿಲ್ಲದಿದ್ದರೆ ಚಾಲುಕ್ಯರ ವಂಶಾವಳಿಯ ಮೊದಲ ರೂಪುರೇಷೆ ಅಷ್ಟು ಬೇಗ ಸಿದ್ಧವಾಗುತ್ತಿರಲಿಲ್ಲವಾದರೂ, ನಕಲುಗಾರನು ಕಂಡದ್ದನ್ನೂ ಊಹಿಸಿದ್ದನ್ನೂ ಒಂದೇ ಮಸಿಯಲ್ಲಿ ಬರೆದುದರಿಂದ, ಯಾವುದು ಕಲ್ಲಿನ ಅಕ್ಷರ, ಯಾವುದು ನಕಲುಗಾರನ ಅಕ್ಷರ ಎಂದು ಬಿಡಿಸಿ ಹೇಳಲು ಓದುಗನಿಗೆ ದಾರಿಯೇ ಉಳಿಯಲಿಲ್ಲ.

ಈ ತೊಡಕನ್ನು ಛಾಯಾಚಿತ್ರ ನಿವಾರಿಸೀತೆಂಬ ನಿರೀಕ್ಷೆಯಿತ್ತು. 1855ರಲ್ಲಿ ಬೊಂಬಾಯಿ ಸರ್ಕಾರವು ಫಿರಂಗಿ ದಳದ ಅಧಿಕಾರಿ ಥಾಮಸ್ ಬಿಗ್ಸ್‌ನನ್ನು ಪ್ರಾಚೀನ ಕಟ್ಟಡಗಳ ಮತ್ತು ಶಾಸನಗಳ ಚಿತ್ರ ತೆಗೆಯಲು ನೇಮಿಸಿತು. ಅವನು ದಂಡಿಗೆ ಮರಳಿದ ಮೇಲೆ ವೈದ್ಯ ವಿಲಿಯಂ ಪಿಗೌ ಆ ಕೆಲಸವನ್ನು ಮುಂದುವರಿಸಿದನು.  ಬಿಗ್ಸ್ ಮತ್ತು ಪಿಗೌ ಇವರ ಚಿತ್ರಗಳು 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪ ಹಾಗೂ ಶಾಸನಗಳ ಸಂಪುಟಗಳಾಗಿ ಹೊರಬಂದವು. ಆದರೆ ಕ್ಯಾಮೆರಾ ಅಕ್ಷರವನ್ನು ನೋಡುವುದಿಲ್ಲ, ನೆರಳನ್ನು ನೋಡುತ್ತದೆ. ನಡುಹಗಲಿನ ನೇರ ಬಿಸಿಲಿನಲ್ಲಿ ಆಳ ಕಡಿಮೆಯಾದ ಅಕ್ಷರದೊಳಗೆ ನೆರಳೇ ಬೀಳದ ಕಾರಣ, ಕೊರೆದ ಗೆರೆಗಳಿಗೆ ಸುಣ್ಣವನ್ನೋ ಸೀಮೆಸುಣ್ಣವನ್ನೋ ತುಂಬಿ ಚಿತ್ರ ತೆಗೆಯುವ ರೂಢಿ ಬಹುಕಾಲ ನಡೆಯಿತು. ಸುಣ್ಣ ತುಂಬುವವನ ಬೆರಳು ಬಿರುಕೊಂದನ್ನು ಅಕ್ಷರವೆಂದು ಬಗೆದರೆ, ಛಾಯಾಚಿತ್ರವು ಆ ತಪ್ಪಿಗೆ ಯಂತ್ರದ ಮುದ್ರೆಯೊತ್ತಿ ಕೊಡುತ್ತಿತ್ತು. ಎಲಿಯಟ್‌ನ ನಕಲುಗಾರನು ಕಾಗದದ ಮೇಲೆ ಮಾಡಿದ ತಿದ್ದುಪಡಿಯನ್ನು ಇಲ್ಲಿ ಕಲ್ಲಿನ ಮೇಲೆಯೇ ಮಾಡಿದಂತಾಯಿತು, ಆದ್ದರಿಂದ ಇದನ್ನು ಮುನ್ನಡೆಯೆಂದು ಕರೆಯುವುದು ಕಷ್ಟ.

ಮೂಲವನ್ನು ತಿದ್ದದೆ ಪ್ರತಿ ತೆಗೆಯುವ ವಿಧಾನವಾಗಿ ನೆಲೆನಿಂತದ್ದು ಪಡಿಯಚ್ಚು. ಕಲ್ಲನ್ನು ನೀರು ಹಾಕಿ ಉಜ್ಜಿ, ಪಾಚಿ ಮತ್ತು ಮಣ್ಣನ್ನು ತೆಗೆದು, ನೆನೆಸಿದ ಕಾಗದವನ್ನು ಗುಳ್ಳೆ ಏಳದಂತೆ ಹರಡಿ, ಬಿರುಸು ಕೂದಲಿನ ಕುಂಚದಿಂದ ಮೇಲಿಂದ ಮೇಲೆ ಬಡಿದಾಗ ಹಾಳೆ ಅಕ್ಷರದ ಕುಳಿಗಳೊಳಗೆ ಇಳಿದು ಕೂರುತ್ತದೆ. ಅದರ ಮೇಲೆ ಬಟ್ಟೆಯ ಗುಬುಟಿನಿಂದ ಮಸಿಯನ್ನು ಹಗುರವಾಗಿ ತಟ್ಟಿದರೆ ಸಮತಲ ಭಾಗ ಕಪ್ಪಾಗಿ, ಒಳಗೆ ಇಳಿದ ಅಕ್ಷರಗಳು ಬಿಳಿಯಾಗಿಯೇ ಉಳಿಯುತ್ತವೆ. ಮಸಿ ಹೆಚ್ಚಾದರೆ ಅಕ್ಷರದೊಳಕ್ಕೂ ಇಳಿಯುತ್ತದೆ, ಕಡಿಮೆಯಾದರೆ ಅಂಚು ಮೂಡುವುದಿಲ್ಲ, ಗಾಳಿ ಬೀಸಿದರೆ ಹಾಳೆ ಅವಸರದಲ್ಲಿ ಒಣಗಿ ಏಳುತ್ತದೆ. ಈ ಅಳತೆಯೆಲ್ಲವೂ ಅಚ್ಚು ತೆಗೆಯುವವನ ಕೈಯಲ್ಲಿತ್ತೇ ಹೊರತು ಕಾಗದದ ಮೇಲೆ ಬರೆದಿಟ್ಟಿರಲಿಲ್ಲ. ಒಂದೇ ಕಲ್ಲಿನಿಂದ ಇಬ್ಬರು ತೆಗೆದ ಎರಡು ಪಡಿಯಚ್ಚುಗಳು ಒಂದನ್ನೊಂದು ಪೂರ್ತಿ ಹೋಲದಿರುವುದಕ್ಕೆ ಇದೇ ಕಾರಣ.

1883ರಿಂದ 1886ರವರೆಗೆ ಸರ್ಕಾರದ ಶಾಸನತಜ್ಞನಾಗಿದ್ದ ಜಾನ್ ಫೇತ್‌ಫುಲ್ ಫ್ಲೀಟ್, ಬಿಗ್ಸ್ ಮತ್ತು ಪಿಗೌ ಇವರ ಚಿತ್ರಗಳನ್ನು 1878ರಲ್ಲಿಯೇ ಹೊಸದಾಗಿ ಪರಿಷ್ಕರಿಸಿ ಪ್ರಕಟಿಸಿದ್ದವನು. ಕಣ್ಣಳತೆಯ ನಕಲುಗಳಿಗಿಂತ ಯಾಂತ್ರಿಕ ಪ್ರತಿಕೃತಿಗಳನ್ನೇ, ಅಂದರೆ ಕೈಯಿಂದ ಗೆರೆ ತಿದ್ದದೆ ಪಡಿಯಚ್ಚಿನಿಂದ ನೇರವಾಗಿ ಶಿಲಾಮುದ್ರಣಕ್ಕೆ ಇಳಿಸಿದ ಚಿತ್ರಗಳನ್ನೇ, ಬಳಸಬೇಕೆಂದು ಅವನು ಒತ್ತಿ ಹೇಳಿದನು. ಲಂಡನ್ನಿನ ವಿಲಿಯಂ ಗ್ರಿಗ್ಸ್‌ನ ಮುದ್ರಣಾಲಯವು ಇಂಥ ಫಲಕಗಳಿಗೆ ಹೆಸರಾಗಿತ್ತು. ಫ್ಲೀಟ್‌ನ ಹಟವು ಬರಿಯ ಮಡಿವಂತಿಕೆಯಲ್ಲ ಎಂಬುದಕ್ಕೆ ಈ ಸೀಮೆಯಲ್ಲಿಯೇ ನಿದರ್ಶನವಿದೆ. ಗಂಗರ ಬೂತುಗನ ಹೆಸರಿನಲ್ಲಿರುವ, ಶಕ 860ರ ತೇದಿಯುಳ್ಳ ಸೂಡಿಯ ತಾಮ್ರಪಟಗಳನ್ನು ಅವನು ಕೂಟಶಾಸನವೆಂದು, ಎಂದರೆ ಹುಸಿಯಾಗಿ ಬರೆಯಿಸಿದ್ದೆಂದು, ನಿರ್ಣಯಿಸಿದನು. ಇಂಥ ವಿಚಾರಣೆಯಲ್ಲಿ ಅಕ್ಷರಗಳ ಮೈಕಟ್ಟು ಮುಖ್ಯ ಸಾಕ್ಷಿಗಳಲ್ಲಿ ಒಂದು. ಅಂದಗೊಳಿಸಿದ ಪ್ರತಿಯಲ್ಲಿ ಆ ಸಾಕ್ಷಿಯೇ ಅಳಿಸಿ ಹೋಗುತ್ತದೆ.

ಗಜೇಂದ್ರಗಡಕ್ಕೆ ಸಮೀಪದ ಸೂಡಿ ಹನ್ನೊಂದನೆಯ ಶತಮಾನದಲ್ಲಿ ಕಿಸುಕಾಡು ಎಪ್ಪತ್ತು ಎಂಬ ನಾಡಿನ ಆಡಳಿತಕ್ಕೆ ಸಂಬಂಧಿಸಿದ ದೊಡ್ಡ ಊರು. ಚಾಲುಕ್ಯ ಅರಸ ಇಮ್ಮಡಿ ಜಯಸಿಂಹನ ಸೋದರಿ, ‘ಗುಣದ ಬೆಡಂಗಿ’ ಎಂಬ ಬಿರುದಿನ ಅಕ್ಕಾದೇವಿ ಇಲ್ಲಿನ ಶಾಸನಗಳಲ್ಲಿ ಕಾಣಿಸಿಕೊಳ್ಳುತ್ತಾಳೆ. ಈ ಶಾಸನಗಳನ್ನು ಲಯೊನೆಲ್ ಬಾರ್ನೆಟ್ ‘ಎಪಿಗ್ರಾಫಿಯಾ ಇಂಡಿಕಾ’ದ ಹದಿನೈದನೆಯ ಸಂಪುಟದಲ್ಲಿ ಸಂಪಾದಿಸಿದನು. ಆ ಪತ್ರಿಕೆಯ ಸಂಪಾದನಾ ಕ್ರಮದಲ್ಲಿ ಸಂದೇಹದ ಅಕ್ಷರ ಚೌಕ ಕಂಸದೊಳಗೆ ಕೂರುತ್ತದೆ, ಕಲ್ಲುಕುಟಿಗನ ತಪ್ಪನ್ನು ಹಾಗೆಯೇ ಉಳಿಸಿಕೊಂಡು ಸರಿರೂಪವನ್ನು ಅದರ ಪಕ್ಕದ ದುಂಡು ಕಂಸದಲ್ಲಿಯೋ ಅಡಿಟಿಪ್ಪಣಿಯಲ್ಲಿಯೋ ಕೊಡಲಾಗುತ್ತದೆ. ಓದುಗನು ಬೇಕಾದರೆ ಕಂಸಗಳನ್ನೆಲ್ಲ ಮನಸ್ಸಿನಲ್ಲಿಯೇ ತೆಗೆದುಹಾಕಿ ಕಲ್ಲಿನ ಪಾಠಕ್ಕೆ ಮರಳಬಹುದು. ಮೂಲ ಒಂದು ಕಡೆ, ತಿದ್ದುಪಡಿ ಇನ್ನೊಂದು ಕಡೆ ಎಂಬ ವ್ಯವಸ್ಥೆ ಪಾಠಕ್ಕೆ ಹೀಗೆ ಬಹು ಹಿಂದೆಯೇ ದೊರಕಿತ್ತು. ಚಿತ್ರಕ್ಕೆ ದೊರಕಲು ಮಾತ್ರ ಗಣಕಯಂತ್ರ ಬರಬೇಕಾಯಿತು.

ಡಿಜಿಟಲ್ ಚಿತ್ರದ ಆರಂಭದ ವರ್ಷಗಳಲ್ಲಿ ಹಳೆಯ ತಪ್ಪೇ ಮರಳಿತು: ಚಿತ್ರವನ್ನು ತೆರೆದು, ಬೆಳಗಿಸಿ, ಅದೇ ಹೆಸರಿನಲ್ಲಿ ಉಳಿಸಿದರೆ ಕ್ಯಾಮೆರಾ ಕೊಟ್ಟದ್ದು ಶಾಶ್ವತವಾಗಿ ಕಳೆದುಹೋಗುತ್ತಿತ್ತು. 1996ರ ಫೋಟೋಶಾಪ್ ನಾಲ್ಕನೆಯ ಆವೃತ್ತಿ ಎರಡು ಸೌಕರ್ಯಗಳನ್ನು ಒಟ್ಟಿಗೆ ತಂದಿತು. ಒಂದು, ಮೂಲದ ಮೇಲೆ ಗಾಜಿನಂತೆ ಕೂತು ಬೇಡವಾದಾಗ ತೆಗೆಯಬಹುದಾದ ಹೊಂದಾಣಿಕೆಯ ಪದರ. ಇನ್ನೊಂದು, ಮಾಡಿದ ಹಂತಗಳನ್ನು ದಾಖಲಿಸಿಕೊಂಡು ಬೇರೆ ಚಿತ್ರಗಳ ಮೇಲೆ ಮತ್ತೆ ನಡೆಸುವ ‘ಆ್ಯಕ್ಷನ್’. 2007ರ ಲೈಟ್‌ರೂಮ್ ಮತ್ತು 2009ರಲ್ಲಿ ಆರಂಭವಾದ ಮುಕ್ತ ತಂತ್ರಾಂಶ ಡಾರ್ಕ್‌ಟೇಬಲ್‌ಗಳಲ್ಲಿ ತಿದ್ದುಪಡಿ ಎಂಬುದು ಚಿತ್ರದ ಬದಲಾವಣೆಯೇ ಅಲ್ಲ, ‘ಇಷ್ಟು ಬೆಳಕು, ಇಷ್ಟು ಅಂತರ, ಇಲ್ಲಿಂದ ಇಲ್ಲಿಗೆ ಕತ್ತರಿಸು’ ಎಂಬ ಸೂಚನೆಗಳ ಪಟ್ಟಿ ಮಾತ್ರ. ಇನ್ನೂ ಮುಂದೆ ಹೋಗಿ, 1990ರಿಂದ ಬಳಕೆಯಲ್ಲಿರುವ ಇಮೇಜ್‌ಮ್ಯಾಜಿಕ್‌ನಂಥ ಸಾಧನಗಳಲ್ಲಿ ಇಡೀ ಕೆಲಸವನ್ನು ಸ್ಕ್ರಿಪ್ಟ್ ಆಗಿ, ಎಂದರೆ ಗಣಕವು ಒಂದಾದ ಮೇಲೊಂದು ನೆರವೇರಿಸಬೇಕಾದ ಆಜ್ಞೆಗಳ ಸಾಲಾಗಿ, ಬರೆದಿಡಬಹುದು. ಶಾಸನ ಎಂಬ ಮಾತಿಗೂ ಆಜ್ಞೆಯೆಂದೇ ಅರ್ಥ. ಆಜ್ಞೆಯನ್ನು ಓದಲು ಆಜ್ಞೆಗಳನ್ನು ಬರೆಯುವ ಈ ಏರ್ಪಾಟನ್ನು ಹಳೆಯ ಲಿಪಿಕಾರರು ಮೆಚ್ಚುತ್ತಿದ್ದರೋ ಏನೋ.

ಶಾಸನದ ಚಿತ್ರಗಳಿಗೆ ಬೇಕಾದ ಸ್ಕ್ರಿಪ್ಟ್ ದೊಡ್ಡದೇನಲ್ಲ. ಮೂಲ ಕಡತವನ್ನು ಓದಲು ಮಾತ್ರ ತೆರೆದು, ಬಣ್ಣ ಕಳೆದು ಬೂದುಛಾಯೆಗೆ ತಂದು, ಚಿತ್ರವನ್ನು ಚಿಕ್ಕ ಚೌಕಗಳಾಗಿ ಒಡೆದು ಪ್ರತಿ ಚೌಕದೊಳಗೆ ಕಪ್ಪು-ಬಿಳುಪಿನ ಅಂತರವನ್ನು ಗೊತ್ತಾದ ಮಿತಿಯವರೆಗೆ ಹಿಗ್ಗಿಸಿ, ಫಲಿತಾಂಶವನ್ನು ಬೇರೆ ಹೆಸರಿನಲ್ಲಿ ಬೇರೆ ಕಡತಕೋಶಕ್ಕೆ ಬರೆಯುವ ಹತ್ತಾರು ಸಾಲುಗಳು ಸಾಕು. ನೂರು ಕಲ್ಲುಗಳಿಗೂ ಒಂದೇ ಅಳತೆ ಅನ್ವಯವಾಗುವುದರಿಂದ ಚಿತ್ರಗಳನ್ನು ಒಂದರೊಡನೊಂದು ಹೋಲಿಸಲು ಬರುತ್ತದೆ, ಅಚ್ಚು ತೆಗೆಯುವವನ ಕೈಯೊಳಗೆ ಅಡಗಿದ್ದ ಮಸಿಯ ಅಳತೆ ಇಲ್ಲಿ ಅಂಕಿಯಾಗಿ ಎಲ್ಲರಿಗೂ ಕಾಣುತ್ತದೆ. 2001ರಲ್ಲಿ ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನವು ಬೇರೆ ಬೇರೆ ದಿಕ್ಕಿನ ಬೆಳಕಿನಲ್ಲಿ ತೆಗೆದ ಅನೇಕ ಚಿತ್ರಗಳನ್ನು ಲೆಕ್ಕದಿಂದ ಕೂಡಿಸಿ, ಬೆಳಕನ್ನು ಪರದೆಯ ಮೇಲೆಯೇ ಓರೆಯಾಗಿ ಹೊರಳಿಸಲು ಅವಕಾಶ ಕೊಟ್ಟಿತು; ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ನಡೆಸಿರುವ ಯೋಜನೆಯಲ್ಲಿ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಲಾಗುತ್ತಿದೆ. ಇವೆರಡರಲ್ಲಿಯೂ ಕಲ್ಲಿಗೆ ಸುಣ್ಣ ತುಂಬುವ ಅಗತ್ಯವಿಲ್ಲ.

ಹಾಗೆಂದು ಸ್ಕ್ರಿಪ್ಟ್ ನಿಷ್ಪಕ್ಷಪಾತಿ ಎನ್ನಲಾಗದು. ನುಣುಪಾದ ಬಳಪದ ಕಲ್ಲಿಗೆ ಹೊಂದಿಸಿದ ಅಳತೆಯನ್ನು ಗಜೇಂದ್ರಗಡದ ಗುಡ್ಡಗಳಲ್ಲಿರುವಂಥ ಮರಳುಗಲ್ಲಿಗೆ ಅನ್ವಯಿಸಿದರೆ ಉದುರಿದ ಕಣವೊಂದೊಂದೂ ಕಪ್ಪು ಚುಕ್ಕೆಯಾಗಿ ಏಳುತ್ತದೆ, ಹಳಗನ್ನಡ ಲಿಪಿಯಲ್ಲಿ ಚುಕ್ಕೆ ಸಣ್ಣ ಸಂಗತಿಯಲ್ಲ. ಸೂಡಿಯ ಹಳೆಯ ಹೆಸರು ಸೂಂಡಿ. ಅದನ್ನು ಅನುಸ್ವಾರದಿಂದ ಬರೆದ ಕಡೆ, ಹಳೆಯ ಹೆಸರಿಗೂ ಇಂದಿನ ಹೆಸರಿಗೂ ನಡುವೆ ಇರುವುದು ಒಂದು ಬಿಂದು ಮಾತ್ರ. ಮೇಲೆ ಬಾಯಿ ತೆರೆದ ಪಕಾರಕ್ಕೂ ಮುಚ್ಚಿದ ವಕಾರಕ್ಕೂ ನಡುವಿನ ಅಂತರವನ್ನು ಅಡ್ಡ ಬಿರುಕೊಂದು ಹಾಗೆಯೇ ಅಳಿಸಿಬಿಡಬಲ್ಲದು. ಸುಣ್ಣ ತುಂಬಿದವನು ಒಂದು ಕಲ್ಲಿನಲ್ಲಿ ಮಾಡುತ್ತಿದ್ದ ತಪ್ಪನ್ನು ಸ್ಕ್ರಿಪ್ಟ್ ನೂರು ಕಲ್ಲುಗಳಲ್ಲಿ ಒಂದೇ ರಾತ್ರಿ ಮಾಡಿ ಮುಗಿಸುತ್ತದೆ. ವ್ಯತ್ಯಾಸವಿರುವುದು ಅದರ ಮುಂದಿನ ಹಂತದಲ್ಲಿ. ಬಿಂದುವಿನ ಬಗೆಗೆ ಸಂಶಯ ಬಂದಾಗ ಸಂಶೋಧಕನು ಅಂತರ ಹಿಗ್ಗಿಸುವ ಸಾಲನ್ನು ತಾತ್ಕಾಲಿಕವಾಗಿ ತಡೆದು ಸ್ಕ್ರಿಪ್ಟನ್ನು ಮತ್ತೆ ನಡೆಸಿ, ಬಿಂದು ಉಳಿಯಿತೋ ಕರಗಿತೋ ಎಂದು ನೋಡುತ್ತಾನೆ. ಆಗಲೂ ಬಗೆಹರಿಯದಿದ್ದರೆ ಕತ್ತಲಾದ ಮೇಲೆ ಕಲ್ಲಿನ ಬಳಿಗೆ ಹೋಗಿ, ಬ್ಯಾಟರಿ ದೀಪವನ್ನು ಅದರ ಮೈಗೆ ತಾಗುವಷ್ಟು ಓರೆಯಾಗಿ ಹಿಡಿಯುತ್ತಾನೆ.