ಸರ್ಕಾರ ಮತ್ತು ಪೂಜೆ: ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಚರಿತ್ರೆ

ಪ್ರಭುತ್ವವೇ ಮುಂದೆ ನಿಂತು ಪ್ರಾರ್ಥನೆ ಮಾಡಿಸುವುದು, ಅದಕ್ಕೆ ಬೊಕ್ಕಸದಿಂದ ಹಣ ಕೊಡುವುದು, ದೇವಸ್ಥಾನಗಳ ಲೆಕ್ಕಪತ್ರ ನೋಡುವುದು: ಈ ಮೂರೂ ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಕೆಳದಿ ಅರಸರ ಕಾಲದಿಂದ ಬೇರೆ ಬೇರೆ ರೂಪದಲ್ಲಿ ನಡೆದುಬಂದಿವೆ. ನಾಯಕರು, ನವಾಬರು, ಒಡೆಯರು, ಇಂಗ್ಲಿಷ್ ಕಮಿಷನರುಗಳು, ಚುನಾಯಿತ ಸರ್ಕಾರಗಳು ಹೀಗೆ ಆಳುವವರು ಬದಲಾದರೂ ದೇವಸ್ಥಾನದ ಕಡತ ಕಚೇರಿಯಲ್ಲಿಯೇ ಉಳಿಯಿತು. ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ 1791ರಲ್ಲಿ ಜಾರಿಗೆ ಬಂದು ಸರ್ಕಾರ ಯಾವ ಧರ್ಮವನ್ನೂ ಸ್ಥಾಪಿಸಕೂಡದೆಂದು ವಿಧಿಸಿತು. ಅದೇ ವರ್ಷ ಹೊಸನಗರ ಸೀಮೆಯ ನಗರದ ಅಧಿಕಾರಿಗೆ ಶೃಂಗೇರಿಯ ಶಾರದೆಯ ಪ್ರತಿಷ್ಠೆಗೆ ಹಣ ಕೊಡುವಂತೆ ಶ್ರೀರಂಗಪಟ್ಟಣದಿಂದ ಅಪ್ಪಣೆ ಬಂತು. ಎರಡು ನಾಡುಗಳ ದಾರಿ ಬೇರೆಯಾಗಿತ್ತು. ಇಲ್ಲಿನ ಚರಿತ್ರೆಯನ್ನು ಇಲ್ಲಿನ ದಾಖಲೆಗಳಿಂದಲೇ ಓದಬೇಕು.

ಕೆಳದಿ ಸಾಗರ ಪಟ್ಟಣದ ಪಕ್ಕದ ಹಳ್ಳಿ. 1500ರ ಆಸುಪಾಸಿನಲ್ಲಿ ಚೌಡಪ್ಪನಾಯಕನಿಂದ ತಲೆಯೆತ್ತಿದ ಅರಸುಮನೆತನದ ಮೊದಲ ನೆಲೆ ಅದು. ರಾಜಧಾನಿ ಅಲ್ಲಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರಕ್ಕೆ ಹೋಯಿತು. ತೀರ್ಥಹಳ್ಳಿ ಸೀಮೆಯ ಕವಲೇದುರ್ಗ ಈ ಅರಸರ ಭದ್ರಕೋಟೆ. ಮನೆತನ ವೀರಶೈವ. ಅವರ ನಾಣ್ಯದ ಒಂದು ಮುಖದಲ್ಲಿ ಶಿವಪಾರ್ವತಿಯರಿದ್ದರೆ ಇನ್ನೊಂದರಲ್ಲಿ ‘ಶ್ರೀ ಸದಾಶಿವ’ ಎಂಬ ಬರಹ. ಆದರೆ ದಾನಕೊಡುಗೆ ಒಂದೇ ಮತಕ್ಕೆ ಸೀಮಿತವಾಗಿರಲಿಲ್ಲ. ಕವಲೇದುರ್ಗದ ಮಹತ್ತಿನ ಮಠಕ್ಕೆ ಆಶ್ರಯ ಕೊಟ್ಟ ಅರಸರೇ ಅದ್ವೈತದ ಶೃಂಗೇರಿ ಮಠಕ್ಕೂ ಭೂಮಿ ಬಿಟ್ಟರು. ಹೊಸನಗರ ಸೀಮೆಯ ಹುಂಚದಲ್ಲಿ ಸಾಂತರ ಅರಸರ ಕಾಲದಿಂದ ನೆಲೆಸಿದ್ದ ಜೈನ ಪರಂಪರೆಯೂ ಇವರ ಆಳ್ವಿಕೆಯುದ್ದಕ್ಕೂ ಉಳಿದುಕೊಂಡಿತು. ರಾಣಿ ಚೆನ್ನಮ್ಮಾಜಿ (1672–1697) ಮಿರ್ಜಾನ, ಹೊನ್ನಾವರ, ಚಂದಾವರ, ಕಲ್ಯಾಣಪುರಗಳಲ್ಲಿ ಚರ್ಚು ಕಟ್ಟಿಕೊಳ್ಳಲು ಪೋರ್ಚುಗೀಸರಿಗೆ ಅನುಮತಿ ಕೊಟ್ಟಳು. ಇದರ ಹಿಂದೆ ಮೆಣಸು ಮತ್ತು ಅಕ್ಕಿಯ ವ್ಯಾಪಾರದ ಒಪ್ಪಂದವಿತ್ತು ಎಂಬುದನ್ನು ಮರೆಯಬಾರದು. 1623ರಲ್ಲಿ ಇಕ್ಕೇರಿಗೆ ಬಂದಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಅಘೋರೇಶ್ವರ ದೇವಾಲಯವನ್ನೂ ಊರಿನ ಉತ್ಸವಗಳನ್ನೂ ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ.

ದಾನ ಕೊಟ್ಟವರು ಲೆಕ್ಕವನ್ನೂ ಇಟ್ಟರು. ಶಿವಪ್ಪನಾಯಕನ (1645–1660) ‘ಶಿಸ್ತು’ ಎಂಬ ಕಂದಾಯ ಪದ್ಧತಿ ಹೊಲಗದ್ದೆಗಳನ್ನು ಫಲವತ್ತತೆಗೆ ತಕ್ಕಂತೆ ವಿಂಗಡಿಸಿ ಬೆಳೆಯ ಮೂರನೆಯ ಒಂದು ಪಾಲನ್ನು ಅರಮನೆಗೆ ಗೊತ್ತುಮಾಡಿತು. ದೇವರಿಗೆ ಬಿಟ್ಟ ಉಂಬಳಿ ಎಂದರೆ ಆ ಅರಮನೆಯ ಪಾಲನ್ನೇ ದೇವರಿಗೆ ಬಿಟ್ಟುಕೊಟ್ಟಂತೆ. ಹಾಗಾಗಿ ನಂದಾದೀಪದ ಎಣ್ಣೆಗೂ ಸರ್ಕಾರದ ವರಮಾನಕ್ಕೂ ನೇರ ನಂಟು ಬೆಳೆಯಿತು. ಮುಂದೆ ಬಂದ ಪ್ರತಿಯೊಂದು ಕಾನೂನೂ ಬಿಡಿಸಲು ಹೊರಟ ಗಂಟು ಇದೇ.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಅದಕ್ಕೆ ಹೈದರನಗರ ಎಂದು ಹೆಸರಿಟ್ಟ. ಅಲ್ಲಿ ಅಚ್ಚುಹಾಕಿಸಿದ ಚಿನ್ನದ ವರಹದಲ್ಲಿ ಅವನು ಶಿವಪಾರ್ವತಿಯರ ಚಿತ್ರವನ್ನು ಹಾಗೆಯೇ ಉಳಿಸಿಕೊಂಡು ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಪಾರಸಿಯಲ್ಲಿ ಹಾಕಿಸಿದ. ಪೇಟೆಯಲ್ಲಿ ಜನ ನಂಬಿದ್ದ ನಾಣ್ಯವನ್ನು ಕೆಡಿಸದಿರುವುದು ವ್ಯವಹಾರಜ್ಞಾನ. ಜನರ ದೇವರನ್ನು ನಾಣ್ಯದಿಂದ ಅಳಿಸದಿರುವುದು ರಾಜನೀತಿ. ಎರಡೂ ಆ ಒಂದೇ ವರಹದಲ್ಲಿವೆ.

ಟಿಪ್ಪುವಿನ ಕಾಲದ ದಾಖಲೆ ಇನ್ನೂ ಸ್ಪಷ್ಟವಾಗಿದೆ. 1791ರಲ್ಲಿ ಪರಶುರಾಮ ಭಾವುವಿನ ಮರಾಠಾ ದಂಡಿನೊಂದಿಗೆ ಬಂದವರು ಶೃಂಗೇರಿ ಮಠವನ್ನು ಲೂಟಿ ಮಾಡಿದರು. ಶಾರದೆಯ ವಿಗ್ರಹ ಸ್ಥಾನಪಲ್ಲಟವಾಯಿತು. ಜಗದ್ಗುರುಗಳು ಕಾರ್ಕಳಕ್ಕೆ ಹೋಗಿ ಅಲ್ಲಿಂದ ಟಿಪ್ಪುವಿಗೆ ಬರೆದರು. ವಿಗ್ರಹದ ಪುನಃಪ್ರತಿಷ್ಠೆಗಾಗಿ ರಾಹತಿ ಎಂಬ ನಾಣ್ಯದಲ್ಲಿ 200 ನಗದು, 200 ರಾಹತಿಯ ಸಾಮಗ್ರಿ ಒದಗಿಸಬೇಕೆಂದು ಟಿಪ್ಪು ನಗರದ ಅಸಫನಿಗೆ, ಅಂದರೆ ಪ್ರಾಂತಾಧಿಕಾರಿಗೆ, ಆಜ್ಞೆ ಮಾಡಿದ. ರಾಜ್ಯಕ್ಕೆ ಮುತ್ತಿಗೆ ಬಿದ್ದಿದ್ದ ಆ ದಿನಗಳಲ್ಲಿ ಶತ್ರುನಾಶಕ್ಕಾಗಿ ಶತಚಂಡಿ, ಸಹಸ್ರಚಂಡಿ ಜಪ ಮಾಡಿಸಬೇಕೆಂದೂ ಕೋರಿದ. ಕನ್ನಡದಲ್ಲಿರುವ ಈ ನಿರೂಪಗಳನ್ನು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಟಿಪ್ಪುವಿನ ಪರ ಮತ್ತು ವಿರೋಧದ ವಾದಗಳಲ್ಲಿ ಈ ಪತ್ರಗಳನ್ನು ಎಳೆದಾಡುವುದೇ ಹೆಚ್ಚು. ಆಡಳಿತದ ಚರಿತ್ರೆಗೆ ಮಾತ್ರ ಇವು ಅಮೂಲ್ಯ. ಪ್ರಾರ್ಥನೆಗೆ ಸರ್ಕಾರಿ ಆಜ್ಞೆ, ಹಣ ಕೊಡಬೇಕಾದ ಅಧಿಕಾರಿ, ಕೊಡಬೇಕಾದ ಮೊತ್ತ ಮೂರೂ ಒಟ್ಟಿಗೆ ಸಿಗುವ ದಾಖಲೆ ಅಪರೂಪ.

1799ರ ನಂತರ ಮೂರೂ ಸೀಮೆಗಳು ಮೈಸೂರು ಸಂಸ್ಥಾನಕ್ಕೆ ಸೇರಿದವು. 1830ರ ನಗರದ ದಂಗೆ, ಮರುವರ್ಷದಿಂದ 1881ರವರೆಗಿನ ಕಮಿಷನರ್ ಆಡಳಿತ ಇವನ್ನೆಲ್ಲ ದಾಟಿಯೂ ದೇವಸ್ಥಾನದ ವ್ಯವಹಾರ ಸರ್ಕಾರದ ಕೈಯಲ್ಲಿಯೇ ಇತ್ತು. ಬ್ರಿಟಿಷ್ ಇಂಡಿಯಾದಲ್ಲಿ ಹೀಗಿರಲಿಲ್ಲ. ಕ್ರೈಸ್ತ ಸರ್ಕಾರವೊಂದು ಹಿಂದೂ ಗುಡಿಗಳ ಪಾರುಪತ್ಯ ಮಾಡುವುದನ್ನು ಮಿಷನರಿಗಳು ಬಲವಾಗಿ ಆಕ್ಷೇಪಿಸಿದ್ದರಿಂದ 1863ರ ಕಾಯ್ದೆಯ ಮೂಲಕ ಸರ್ಕಾರ ಅಲ್ಲಿ ಕೈ ತೊಳೆದುಕೊಂಡಿತು. ಮೈಸೂರಿನಲ್ಲಿ ಮುಜರಾಯಿ, ಅಂದರೆ ದೇವಸ್ಥಾನಗಳ ಸರ್ಕಾರಿ ಆಡಳಿತ, ಮುಂದುವರಿಯಿತು. 1927ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಸಂಸ್ಥೆಗಳ ಕಾಯ್ದೆ ಅದಕ್ಕೆ ಭದ್ರ ರೂಪ ಕೊಟ್ಟಿತು. ತಾಲ್ಲೂಕಿನಲ್ಲಿ ಕಂದಾಯ ನೋಡುವ ಅಮಲ್ದಾರರೇ ಮುಜರಾಯಿಯನ್ನೂ ನೋಡುವ ಪದ್ಧತಿ ಆಗಿನದು. ಹೊಸನಗರದಿಂದ ಘಟ್ಟ ಇಳಿದು ಕೊಲ್ಲೂರಿಗೆ ಹೋದರೆ ಕಾನೂನೇ ಬೇರೆ, ಅದು ಮದ್ರಾಸಿನದು. ಈ ವ್ಯತ್ಯಾಸ ರಾಜ್ಯದ ಏಕೀಕರಣವಾಗಿ ನಾಲ್ಕು ದಶಕ ಕಳೆದರೂ ಹೋಗಲಿಲ್ಲ.

ಸ್ವಾತಂತ್ರ್ಯಾನಂತರದ ದೊಡ್ಡ ತಿರುವು ಬಂದದ್ದು ಜಮೀನಿನ ಕಡೆಯಿಂದ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ತೀರ್ಥಹಳ್ಳಿ ಸೀಮೆಯ ಶಾಂತವೇರಿ ಗೋಪಾಲಗೌಡರು ಆ ಹೋರಾಟದಿಂದ ನಾಡಿನ ನಾಯಕರಾದರು. 1955ರ ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದತಿ ಕಾಯ್ದೆ, 1974ರ ಭೂಸುಧಾರಣಾ ತಿದ್ದುಪಡಿ ಸೇರಿ ದೇವರ ಹೆಸರಿನಲ್ಲಿದ್ದ ಗದ್ದೆ, ತೋಟಗಳನ್ನು ಉಳುವವರಿಗೆ ಕೊಟ್ಟವು. ಅದು ನ್ಯಾಯ. ಗದ್ದೆ ಹೋದ ಗುಡಿಗೆ ಪ್ರತಿಯಾಗಿ ವರ್ಷಾಶನವಾಗಿ ಬಂದದ್ದು ತಸ್ತೀಕು. 2022ರಲ್ಲಿ ತಸ್ತೀಕನ್ನು ವರ್ಷಕ್ಕೆ 48,000 ರೂಪಾಯಿಯಿಂದ 60,000ಕ್ಕೆ ಏರಿಸಲಾಯಿತು. ಅಂದರೆ ಆಗ ತಿಂಗಳಿಗೆ 5,000. ದೀಪದ ಎಣ್ಣೆ, ನೈವೇದ್ಯದ ಅಕ್ಕಿ, ಹೂವು, ಕರ್ಪೂರ ಎಲ್ಲ ಅದರಲ್ಲೇ ಆಗಬೇಕಿತ್ತು. ಮಳೆಗಾಲದಲ್ಲಿ ಭಕ್ತರೇ ಬಾರದ ಕಾಡಂಚಿನ ಗುಡಿಗೆ ಬೇರೆ ಆದಾಯವಿಲ್ಲ. ಸರ್ಕಾರದ ಹಣ ದೇವಸ್ಥಾನಕ್ಕೆ ಏಕೆ ಎಂದು ಕೇಳುವವರು ಈ ಗೇಣಿ ಜಮೀನಿನ ಕಥೆಯನ್ನು ಮೊದಲು ಓದಬೇಕು. ಇಲ್ಲಿ ಸರ್ಕಾರ ಕೊಡುವುದು ಬಹುಮಟ್ಟಿಗೆ ಋಣಸಂದಾಯ.

ಐದು ಪ್ರದೇಶಗಳ ಐದು ಕಾನೂನುಗಳ ಜಾಗದಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಾನೂನಾಗಿ ಬಂದದ್ದು 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆ. ಜಾರಿಯಾದದ್ದು 2003ರ ಮೇ 1ರಂದು. ಆದಾಯಕ್ಕೆ ತಕ್ಕಂತೆ ದೇವಸ್ಥಾನಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ದೊಡ್ಡವುಗಳ ಆದಾಯದ ಒಂದು ಪಾಲನ್ನು ಸಾಮಾನ್ಯ ಸಂಗ್ರಹ ನಿಧಿಗೆ ಪಡೆದು ಬಡ ಗುಡಿಗಳಿಗೆ ಕೊಡುವುದು ಅದರ ತಿರುಳು. ಒಂಬತ್ತು ಜನರ ವ್ಯವಸ್ಥಾಪನಾ ಸಮಿತಿಯಲ್ಲಿ ಇಬ್ಬರು ಮಹಿಳೆಯರೂ ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬರೂ ಇರಬೇಕೆಂದು ವಿಧಿಸಿದ್ದು ಅದರ ದೊಡ್ಡ ಗುಣ. ಮಠಗಳಿಗೂ ಮಠಕ್ಕೆ ಸೇರಿದ ದೇವಾಲಯಗಳಿಗೂ ಈ ಕಾಯ್ದೆ ಅನ್ವಯಿಸದು. ಹೈಕೋರ್ಟ್ 2006ರಲ್ಲಿ ಇಡೀ ಕಾಯ್ದೆಯನ್ನೇ ರದ್ದು ಮಾಡಿತು. ಸುಪ್ರೀಂ ಕೋರ್ಟಿನ ತಡೆಯಾಜ್ಞೆಯಿಂದ ಅದು ಉಳಿಯಿತು.

ಮಠಕ್ಕಿರುವ ಈ ವಿನಾಯಿತಿಯೇ ಗೋಕರ್ಣ ಪ್ರಕರಣದ ಬೇರು. ಹೊಸನಗರ ತಾಲ್ಲೂಕಿನ ರಾಮಚಂದ್ರಾಪುರ ಮಠ ಗೋಕರ್ಣದ ಮಹಾಬಲೇಶ್ವರ ದೇವಾಲಯ ತನಗೆ ಸೇರಿದ್ದು, ಮುಜರಾಯಿ ಪಟ್ಟಿಯಲ್ಲಿ ತಪ್ಪಾಗಿ ಸೇರಿದೆ ಎಂದು ವಾದಿಸಿತು. 2008ರ ಆಗಸ್ಟ್ 12ರಂದು ಸರ್ಕಾರ ಪಟ್ಟಿಯಿಂದ ಅದನ್ನು ಕೈಬಿಟ್ಟು ಮಠಕ್ಕೆ ಒಪ್ಪಿಸಿತು. ಹತ್ತು ವರ್ಷದ ಮೊಕದ್ದಮೆಯ ಬಳಿಕ, 2018ರ ಆಗಸ್ಟ್ 10ರಂದು, ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಹೈಕೋರ್ಟ್ ವಿಭಾಗೀಯ ಪೀಠ ಆ ಆದೇಶವನ್ನು ರದ್ದುಪಡಿಸಿತು. 2021ರ ಏಪ್ರಿಲ್ 19ರಂದು ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ನೇತೃತ್ವದ ಸಮಿತಿಗೆ ಉಸ್ತುವಾರಿಯನ್ನು ಮಧ್ಯಂತರವಾಗಿ ವಹಿಸಿತು. ದೇವಸ್ಥಾನವನ್ನು ಯಾರಿಗಾದರೂ ಒಪ್ಪಿಸುವ ಅಧಿಕಾರ ಸರ್ಕಾರಕ್ಕೆ ಎಷ್ಟರಮಟ್ಟಿಗಿದೆ ಎಂಬ ಪ್ರಶ್ನೆ ಇಷ್ಟು ಹತ್ತಿರದಿಂದ ಪರೀಕ್ಷೆಗೊಳಗಾದ ಪ್ರಕರಣ ಮಲೆನಾಡಿನ ನೆನಪಿನಲ್ಲಿ ಬೇರೆಯಿಲ್ಲ. ಶರಾವತಿ ಹಿನ್ನೀರಿನಾಚೆಯ ಸಿಗಂದೂರಿನಲ್ಲಿ ಸರ್ಕಾರ ಇನ್ನೊಂದು ರೀತಿಯಲ್ಲಿ ಕಾಣಿಸಿಕೊಂಡಿತು. 2025ರ ಜುಲೈ 14ರಂದು ಉದ್ಘಾಟನೆಯಾದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಗೆ ಸಿಗಂದೂರು ಚೌಡೇಶ್ವರಿಯ ಹೆಸರಿಡಲಾಯಿತು.

ಪ್ರಾರ್ಥನೆ ಮಾಡಿ ಎಂದು ಸರ್ಕಾರವೇ ಸುತ್ತೋಲೆ ಹೊರಡಿಸುವ ಪದ್ಧತಿ ಮುಖ್ಯವಾಗಿ ಮಳೆಗೆ ಸಂಬಂಧಿಸಿದ್ದು. 2012ರ ಬರದಲ್ಲಿ ಅಂದಿನ ಸರ್ಕಾರ ಸುಮಾರು 34,000 ಮುಜರಾಯಿ ದೇವಸ್ಥಾನಗಳಲ್ಲಿ ಮಳೆಗಾಗಿ ಪೂಜೆ ಮಾಡಿಸಲು ತಲಾ 5,000 ರೂಪಾಯಿಯಂತೆ 17 ಕೋಟಿ ರೂಪಾಯಿ ವೆಚ್ಚದ ತೀರ್ಮಾನ ಮಾಡಿತು. 2019ರಲ್ಲಿ ಪಕ್ಷ ಬೇರೆ, ಸುತ್ತೋಲೆ ಅದೇ. ಜೂನ್ 6ರಂದು ಪರ್ಜನ್ಯ ಜಪ, ಹೋಮ ನಡೆಸಬೇಕು, ಖರ್ಚು 10,001 ರೂಪಾಯಿ ಮೀರಬಾರದು, ಅದನ್ನು ದೇವಸ್ಥಾನದ ನಿಧಿಯಿಂದಲೇ ಭರಿಸಬೇಕು ಎಂದಿತ್ತು. ಅದೇ ಹೊತ್ತಿಗೆ ಸಚಿವರು ಶೃಂಗೇರಿ ಬಳಿಯ ಕಿಗ್ಗಕ್ಕೆ ಹೋಗಿ ಮಳೆದೇವರೆಂದು ಹೆಸರಾದ ಋಷ್ಯಶೃಂಗೇಶ್ವರನ ಮುಂದೆ ಪೂಜೆ ಸಲ್ಲಿಸಿದರು. ತೀರ್ಥಹಳ್ಳಿ ಸೀಮೆಯ ರೈತರೂ ಮಳೆಗಾಗಿ ಕಿಗ್ಗಕ್ಕೆ ಹರಕೆ ಹೊರುತ್ತಾರೆ, ಅದಕ್ಕೆ ಯಾವ ಸುತ್ತೋಲೆಯೂ ಬೇಕಿಲ್ಲ. 2024ರ ಜನವರಿ 22ರಂದು ಅಯೋಧ್ಯೆಯ ಪ್ರಾಣಪ್ರತಿಷ್ಠೆಯ ಸಮಯಕ್ಕೆ, ಮಧ್ಯಾಹ್ನ 12 ಗಂಟೆ 29 ನಿಮಿಷ 22 ಸೆಕೆಂಡಿನಿಂದ 12 ಗಂಟೆ 30 ನಿಮಿಷ 32 ಸೆಕೆಂಡಿನೊಳಗೆ, ಮುಜರಾಯಿ ದೇವಸ್ಥಾನಗಳಲ್ಲಿ ಮಹಾಮಂಗಳಾರತಿ ಮಾಡಬೇಕೆಂದು ಇಲಾಖೆ ಸೂಚಿಸಿತು. ಬಿಜೆಪಿ, ಕಾಂಗ್ರೆಸ್, ಜೆಡಿಎಸ್ ಮೂರೂ ಈ ಚರಿತ್ರೆಯಲ್ಲಿ ಪಾಲುದಾರರು.

ಸಂವಿಧಾನದ 27ನೇ ವಿಧಿಯ ಪ್ರಕಾರ ನಿರ್ದಿಷ್ಟ ಧರ್ಮವೊಂದರ ಪೋಷಣೆಗೆಂದೇ ಮೀಸಲಿಟ್ಟ ತೆರಿಗೆಯನ್ನು ಕೊಡುವಂತೆ ಯಾರನ್ನೂ ಬಲವಂತಪಡಿಸುವಂತಿಲ್ಲ. 25ನೇ ವಿಧಿ ಧರ್ಮದೊಂದಿಗೆ ಹೆಣೆದುಕೊಂಡ ಹಣಕಾಸು ಮತ್ತು ಲೌಕಿಕ ವ್ಯವಹಾರಗಳನ್ನು ನಿಯಂತ್ರಿಸಲು ಸರ್ಕಾರಕ್ಕೆ ಅವಕಾಶ ಕೊಡುತ್ತದೆ. ದೇವಸ್ಥಾನದ ಹುಂಡಿ ಎಣಿಸುವುದಕ್ಕೆ, ಲೆಕ್ಕ ಪರಿಶೋಧನೆಗೆ, ಸಮಿತಿಗೆ ದಲಿತರನ್ನು ಸೇರಿಸುವುದಕ್ಕೆ ಅಲ್ಲಿ ಆಧಾರವಿದೆ. ಯಾವ ದಿನ ಯಾವ ಜಪ ಮಾಡಬೇಕೆಂದು ಅರ್ಚಕರಿಗೆ ಕಚೇರಿಯಿಂದ ಬರೆದು ಕಳಿಸುವುದಕ್ಕೆ ಅದರಲ್ಲಿ ಆಧಾರ ಕಾಣುವುದಿಲ್ಲ. ಆಗಿನ ಎರಡೂವರೆ ತಿಂಗಳ ತಸ್ತೀಕಿನಷ್ಟು ಹಣವನ್ನು ಒಂದು ದಿನದ ಹೋಮಕ್ಕೆ ಸುರಿಯಬಹುದೆಂದ 2019ರ ಸುತ್ತೋಲೆ ಬಡ ಗುಡಿಗಳ ಮಟ್ಟಿಗಂತೂ ಅನ್ಯಾಯವಾಗಿತ್ತು.

ತುಂಬಿದ ಜಲಾಶಯಕ್ಕೆ ಅರ್ಪಿಸುವ ಬಾಗಿನದ ವಿಚಾರ ಸ್ವಲ್ಪ ಬೇರೆ. 1964ರಲ್ಲಿ ನೀರು ತುಂಬಿಕೊಂಡ ಲಿಂಗನಮಕ್ಕಿ ಜಲಾಶಯ ಸಾಗರ, ಹೊಸನಗರ ಸೀಮೆಯ ಊರುಗಳನ್ನೂ ಅವುಗಳ ಗುಡಿಗಳನ್ನೂ ಮುಳುಗಿಸಿತು. ಜಲಾಶಯ 1,819 ಅಡಿಯ ಗರಿಷ್ಠ ಮಟ್ಟ ತಲುಪಿದ ವರ್ಷ ಜನಪ್ರತಿನಿಧಿಗಳು, ಅಧಿಕಾರಿಗಳು ಬಂದು ಬಾಗಿನ ಅರ್ಪಿಸುತ್ತಾರೆ. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ರವಿಕೆ ಕಣ, ತೆಂಗಿನಕಾಯಿ, ಅಕ್ಕಿ, ಬೇಳೆ ಇಟ್ಟು ಮೇಲೊಂದು ಮೊರ ಮುಚ್ಚಿ ನೀರಿಗೆ ಬಿಡುವುದು. ಮನೆಯ ಹೆಂಗಸರು ಗೌರಿಹಬ್ಬದಲ್ಲಿ ಕೊಡುವ ಬಾಗಿನವನ್ನೇ ಸರ್ಕಾರ ಹೊಳೆಗೆ ಕೊಡುತ್ತದೆ. ಇದನ್ನು ನಾಡಿನ ನಡಾವಳಿಯೆಂದು ಬಹುತೇಕರು ಒಪ್ಪಿದ್ದಾರೆ. ಮುಳುಗಡೆಯಾಗಿ ಊರು ಬಿಟ್ಟವರಲ್ಲಿ ಅನೇಕರ ಜಮೀನಿನ ಹಕ್ಕು ಇಂದಿಗೂ ಇತ್ಯರ್ಥವಾಗಿಲ್ಲ ಎಂಬುದನ್ನು ಬಾಗಿನ ಬಿಡುವವರು ನೆನಪಿಡಬೇಕು.

ಪ್ರಾರ್ಥನೆಯ ಪ್ರಶ್ನೆ ಶಾಲೆಯಲ್ಲೂ ಇದೆ. ಅಮೆರಿಕದ ಸುಪ್ರೀಂ ಕೋರ್ಟ್ 1962ರಲ್ಲಿ ಸರ್ಕಾರ ರಚಿಸಿದ ಪ್ರಾರ್ಥನೆಯನ್ನು ಸರ್ಕಾರಿ ಶಾಲೆಗಳಲ್ಲಿ ಹೇಳಿಸಕೂಡದೆಂದಿತು. ನಮ್ಮ ಸಂವಿಧಾನದ 28ನೇ ವಿಧಿ ಪೂರ್ತಿಯಾಗಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸಿದೆ. ಕೇರಳದ ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತು, ಹಾಡದೆ ಇರಬಹುದೆಂದು ನಮ್ಮ ಸುಪ್ರೀಂ ಕೋರ್ಟ್ 1986ರಲ್ಲಿ ಹೇಳಿತು. ಶಾಲೆಯಲ್ಲಿ ಹಾಡುವ ನಾಡಗೀತೆಯ ಕವಿ, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು, ಪುರೋಹಿತಶಾಹಿಯನ್ನು ಜೀವನವಿಡೀ ವಿರೋಧಿಸಿದವರು. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯ ಮದುವೆಯನ್ನು ಪುರೋಹಿತರಿಲ್ಲದ ಮಂತ್ರಮಾಂಗಲ್ಯ ಪದ್ಧತಿಯಲ್ಲಿ ನಡೆಸಿದವರು. ಹಲವು ಮತಗಳನ್ನು ಒಂದೇ ತಾಯಿಯ ಮಡಿಲಲ್ಲಿ ಕಂಡ ಅವರ ಕವಿತೆಯನ್ನು 2004ರ ಜನವರಿ 6ರಂದು ಸರ್ಕಾರ ನಾಡಗೀತೆಯೆಂದು ಘೋಷಿಸಿತು. ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಅದನ್ನು ಹಾಡಬೇಕೆಂದು 2022ರಲ್ಲಿ ಆದೇಶವಾಯಿತು. ಶಾಲೆ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆಯನ್ನು ಓದಿಸಬೇಕೆಂದು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು.